ಕಪಿಲೆಯ ಎಡಗಣ್ಣು

ಹೆಂಡತಿ ತೀರಿಕೊಂಡು ನಾಲ್ಕು ತಿಂಗಳಾದ ಮೇಲೆ ಜಗನ್ನಾಥರಾಯರು ಮೊದಲ ಸಲ ಕಪಿಲೆಯನ್ನು ಕಂಡರು. ಅದುವರೆಗೆ ಊಟದ ಹೊತ್ತಿನಲ್ಲಿ ಅದರ ಹೆಸರು ಕೇಳಿದ್ದರು, ಅಷ್ಟೆ. “ಇವತ್ತು ಕಪಿಲೆ ನನ್ನ ಕೈಯಿಂದ ಕ್ಯಾರೆಟ್ ತಗೊಂಡ್ಲು, ಗೊತ್ತಾ?” ಎಂದು ಪದ್ಮ ಹೇಳುವಳು. ರಾಯರು ತಟ್ಟೆಯಿಂದ ತಲೆಯೆತ್ತದೆ “ಹ್ಞೂಂ” ಎನ್ನುವರು. ಕುದುರೆ ಕ್ಯಾರೆಟ್ ತಿಂದರೆ ಅದರಲ್ಲಿ ಹೇಳುವಂಥದ್ದು ಏನಿದೆ ಎಂದು ಅವರಿಗೆ ಆಗ ಅನ್ನಿಸುತ್ತಿತ್ತು.

ಪದ್ಮ ಮಕ್ಕಳ ಡಾಕ್ಟರು. ನಿವೃತ್ತಳಾದ ಮೇಲೆ ಪ್ರತಿ ಶನಿವಾರ ಅಮೆರಿಕದ ವಾರೆನ್ ಊರಿನ ತಮ್ಮ ಮನೆಯಿಂದ ಇಪ್ಪತ್ತೈದು ಮೈಲಿ ಉತ್ತರಕ್ಕೆ, ಮುನೀರ್ ಸಾಹೇಬರ ಲಾಯಕ್ಕೆ ಕಾರು ಓಡಿಸಿಕೊಂಡು ಹೋಗುತ್ತಿದ್ದಳು. ನಡೆಯಲಾರದ ಮಕ್ಕಳನ್ನು ಸಾಧು ಕುದುರೆಗಳ ಮೇಲೆ ಕೂರಿಸಿ ಬೆನ್ನಿಗೂ ಕಾಲಿಗೂ ಬಲ ಬರಿಸುವ ಕೆಲಸ ಅಲ್ಲಿ ನಡೆಯುತ್ತಿತ್ತು. ಮುನೀರರು ಕುಣಿಗಲ್ಲಿನವರು. ಅವರ ತಂದೆ ಅಲ್ಲಿನ ಕುದುರೆ ಫಾರಂನಲ್ಲಿ ಚಾಕರಿಯಲ್ಲಿದ್ದವರು. ಮಗ ಅಮೆರಿಕಕ್ಕೆ ಬಂದು ಇಪ್ಪತ್ತು ವರ್ಷ ಟೈರಿನ ಅಂಗಡಿ ನಡೆಸಿ, ಕೊನೆಗೆ ತಂದೆಯ ಕೆಲಸಕ್ಕೇ ಹಿಂದಿರುಗಿ, ಗುತ್ತಿಗೆಯ ಜಮೀನಿನಲ್ಲಿ ಲಾಯ ಕಟ್ಟಿಕೊಂಡಿದ್ದರು.

ಕಪಿಲೆ ಆ ಸಾಧು ಕುದುರೆಗಳ ಪೈಕಿಯಲ್ಲ. ನೆವಾಡಾದ ಬಯಲಿನಲ್ಲಿ ಯಾರ ಹಂಗೂ ಇಲ್ಲದೆ ಬೆಳೆದದ್ದು. ಅಲ್ಲಿ ಕುದುರೆಗಳು ಹೆಚ್ಚಿ ಮೇವು ಸಾಲದಾದಾಗ ಸರ್ಕಾರದವರು ಹಿಡಿದು, ಸಾಕುತ್ತೇವೆಂದು ಬಂದವರಿಗೆ ಕೊಡುತ್ತಾರೆ. ಹಾಗೆ ಅದನ್ನು ತಂದವನು ಕಾರಿನ ಕಾರ್ಖಾನೆಯ ಒಬ್ಬ ಕೆಲಸಗಾರ. ಎರಡು ಸಾವಿರದ ಎಂಟರಲ್ಲಿ ಅವನ ಕೆಲಸ ಹೋಯಿತು, ಹಿಂದೆಯೇ ಮನೆಯೂ ಹೋಯಿತು. ಕುದುರೆಯನ್ನು ಮುನೀರರ ದೊಡ್ಡಿಯಲ್ಲಿ ಬಿಟ್ಟು, ಕಾಗದವನ್ನು ಅವರ ಹೆಸರಿಗೆ ಬರೆದುಕೊಟ್ಟು, ಹೆಂಡತಿ ಮಕ್ಕಳೊಡನೆ ಟೆಕ್ಸಸ್ ಕಡೆಗೆ ಹೊರಟುಹೋದ. ಬೇಲಿಯ ಹಲಗೆಗಳ ನಡುವೆ ಕೈಚಾಚಿ ಅದಕ್ಕೆ ತಿನ್ನಿಸುವ ಧೈರ್ಯ ಪದ್ಮಳಿಗೆ ಮಾತ್ರ ಇತ್ತು. ಅವಳು ನಂಜನಗೂಡಿನ ಹೆಣ್ಣುಮಗಳು. ಕೆಂಗಂದು ಮೈ ನೋಡಿ, ಹೊಸನೀರು ಬಂದ ತನ್ನೂರ ಹೊಳೆ ನೆನಪಾಗಿ, ಆ ಹೆಸರಿಟ್ಟಿದ್ದಳು.

ಫೆಬ್ರವರಿಯ ಕೊನೆಯಲ್ಲಿ ಒಂದು ಬೆಳಗ್ಗೆ ಪದ್ಮ ಕಾಫಿ ಸೋಸುತ್ತಿದ್ದಂತೆಯೇ ಕುಸಿದಳು. ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ. ಗಂಡುಮಕ್ಕಳಿಲ್ಲದ್ದರಿಂದ ಕರ್ಮವನ್ನು ರಾಯರೇ ಮಾಡಿದರು. ಮಗಳು ಮೈತ್ರೇಯಿ ಸಿಯಾಟಲ್‌ನಿಂದ ಬಂದು ಎರಡು ವಾರ ಇದ್ದು ಹೋದಳು. ಜೂನ್ ತಿಂಗಳಲ್ಲಿ ಕಂಪನಿಯವರು ರಾಯರನ್ನೂ ಮನೆಗೆ ಕಳಿಸಿದರು. ಮೂವತ್ತು ವರ್ಷ ಕಾರಿನ ಬ್ರೇಕುಗಳನ್ನು ಪರೀಕ್ಷಿಸಿದವರು ಅವರು. ಆ ಮೂವತ್ತು ವರ್ಷ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಿಡಿಯಿತು. ಹೆಂಡತಿ ಹೋದಾಗ ಬಾರದ ಕಣ್ಣೀರು ಕೆಲಸ ಹೋದಾಗ ಬರುವುದೆಲ್ಲಿಂದ? ಬೆಳಗ್ಗೆ ಸ್ನಾನ, ಸಂಧ್ಯಾವಂದನೆ, ಜಪ. ತಿಂಗಳಿಗೊಮ್ಮೆ ಪದ್ಮಳ ಮಾಸಿಕ. ವಿಧಿಗೆ ಲೋಪವಿಲ್ಲದಂತೆ ನಡೆದುಕೊಂಡರೆ ದಿನ ಹೇಗೋ ದಾಟುತ್ತಿತ್ತು.

ಮುನೀರರ ಫೋನು ಬಂದದ್ದು ಆ ದಿನಗಳಲ್ಲಿ. ಹುಲ್ಲಿನ ಅಟ್ಟದಿಂದ ಬಿದ್ದು ಬಲಸೊಂಟದ ಮೂಳೆ ಮುರಿದುಕೊಂಡು, ಆಪರೇಷನ್ ಆಗಿ, ಅವರು ಡಿಯರ್‌ಬಾರ್ನ್‌ನಲ್ಲಿ ಮಗಳು ನೌಶೀನಳ ಮನೆಯಲ್ಲಿ ಮಲಗಿದ್ದರು.

“ರಾಯರೇ, ನಾನಿರೋ ಜಮೀನನ್ನ ಬ್ಯಾಂಕಿನವರು ತಗೊಂಡ್ರು. ಅಕ್ಟೋಬರ್ ಮೂವತ್ತೊಂದಕ್ಕೆ ಖಾಲಿ ಮಾಡ್ಬೇಕು. ಬೇರೆ ಕುದುರೆಗೆಲ್ಲ ಮನೆ ಸಿಕ್ತು. ಕಪಿಲೆ ಒಬ್ಳು ಉಳಿದ್ಲು.”

“ಅದನ್ನ ಯಾರೂ ತಗೊಳ್ಳಲ್ವಾ?”

“ಸ್ಕೋಕಿ ಊರಿನ ಮಂಜರಿ ಗೊತ್ತಲ್ಲ, ಪದ್ಮಕ್ಕನ ಫ್ರೆಂಡು, ಫಿಸಿಯೋಥೆರಪಿಸ್ಟ್? ಶಿಕಾಗೋ ಆಚೆ ಅವಳದೂ ಇಂಥದ್ದೇ ಲಾಯ. ತಗೋತೀನಿ ಅಂದಿದಾಳೆ. ಆದ್ರೆ ಮೂತಿಗೆ ಹಾಲ್ಟರ್ ಹಾಕಿಸ್ಕೊಂಡು, ಹಿಡಿದೋರ ಜೊತೆ ನಡ್ಕೊಂಡು ಟ್ರೇಲರ್ ಹತ್ತಬೇಕು. ಮಕ್ಕಳು ಓಡಾಡೋ ಜಾಗ ನೋಡಿ.”

“ಹತ್ತದಿದ್ದರೆ?”

“ಹರಾಜು, ರಾಯರೇ. ಈ ಕಾಲದಲ್ಲಿ ಅಲ್ಲಿ ಸವಾರಿಗೆ ಅಂತ ಯಾರು ಕೊಳ್ತಾರೆ? ಲಾರಿ ತುಂಬ್ಕೊಂಡು ಸೇತುವೆ ದಾಟಿಸ್ತಾರೆ. ಕೆನಡಾದಲ್ಲಿ ಕುದುರೆ ಕಡಿಯೋ ಕಸಾಯಿಖಾನೆ ಇದೆ.”

“ನಾನೇನು ಮಾಡಲಿ ಸಾಹೇಬರೇ? ನನಗೆ ಗೊತ್ತಿರೋದು ಬ್ರೇಕು.”

“ಅದೂ ಓಡೋದನ್ನ ನಿಲ್ಲಿಸೋ ಕೆಲಸಾನೇ ಅಲ್ವಾ? ಇದನ್ನೂ ನಿಲ್ಲಿಸಿ. ಮಿಕ್ಕಿದ್ದು ನಾನು ಫೋನಲ್ಲಿ ಹೇಳ್ತೀನಿ.” ಮುನೀರರು ನಕ್ಕರು, ನಗು ಅರ್ಧಕ್ಕೆ ನಿಂತಿತು. “ಶನಿವಾರ ಬಂತು ಅಂದ್ರೆ ಅವಳು ಇನ್ನೂ ಗೇಟ್ ಕಡೆ ಮುಖ ಮಾಡಿ ನಿಲ್ತಾಳೆ ರಾಯರೇ. ಪದ್ಮಕ್ಕ ಇಲ್ಲ ಅಂತ ಅವಳಿಗೆ ಹೇಳಿದೋರು ಯಾರು?”

ಮರುದಿನ ರಾಯರು ಪದ್ಮಳ ಕಾರನ್ನೇ ತೆಗೆದುಕೊಂಡು ಹೊರಟರು. ಬಾಡಿಗೆಯ ಆಳೊಬ್ಬ ಹುಲ್ಲು ನೀರು ಹಾಕಿ ಹೋಗಿದ್ದ; ಲಾಯದಲ್ಲಿ ಬೇರೆ ಯಾರೂ ಇರಲಿಲ್ಲ. ಕಾರಿನ ಸದ್ದಿಗೆ ಕಪಿಲೆ ಬೇಲಿಗೆ ಓಡಿಬಂದು ಕಿವಿ ನಿಮಿರಿಸಿ ನಿಂತಿತು. ಬಾಗಿಲು ತೆರೆದು ಇಳಿದವರನ್ನು ನೋಡಿತು. ಒಂದು ಗಳಿಗೆ, ಅಷ್ಟೆ. ಮೂಗಿನಲ್ಲಿ ಬುಸುಗುಟ್ಟಿ ಹಿಂದಿರುಗಿ ದೊಡ್ಡಿಯ ಕೊನೆಯ ಮೂಲೆಗೆ ಓಡಿಹೋಯಿತು. ಕೈಯಲ್ಲಿ ಕ್ಯಾರೆಟ್ ಹಿಡಿದ ರಾಯರು ಅಲ್ಲೇ ನಿಂತರು. ಯಾರನ್ನೋ ನಿರೀಕ್ಷಿಸಿದಾಗ ತಾವು ಬಂದದ್ದು ತಪ್ಪು ಎಂಬಂತೆ ನಾಚಿಕೆಯಾಯಿತು.

ಮುನೀರರ ಪಾಠ ದಿನವೂ ಸಂಜೆ ಆರಕ್ಕೆ.

“ಕಣ್ಣಲ್ಲಿ ಕಣ್ಣಿಟ್ಟು ನೋಡ್ಬೇಡಿ. ಬೇಟೆಗೆ ಬರೋ ಪ್ರಾಣಿ ಹಂಗೆ ನೋಡೋದು.”

“ಮತ್ತೆ ಎಲ್ಲಿ ನೋಡಲಿ?”

“ದೊಡ್ಡಿ ಒಳಗೆ ಸುಮ್ನೆ ಕೂತು ನಿಮ್ಮ ಮಂತ್ರ ಹೇಳ್ಕೊಳ್ಳಿ. ನಿಮಗೂ ಪುಣ್ಯ, ಅವಳಿಗೂ ಪುಣ್ಯ. ಅವಳು ಒಂದು ಹೆಜ್ಜೆ ಮುಂದೆ ಬಂದ್ಲು ಅಂದ್ರೆ ನೀವು ಒಂದು ಹೆಜ್ಜೆ ಹಿಂದೆ ಹೋಗಿ.”

“ಹಿಂದೆ ಹೋಗೋದಾ? ಇದೊಳ್ಳೆ ಪಾಠ!”

“ಅದೇ ಪಾಠ ರಾಯರೇ. ನೀವು ಬೇಕಾದಾಗ ಬಿಟ್ಟುಬಿಡ್ತೀರ ಅಂತ ಗೊತ್ತಾದ್ರೇನೇ ಅವಳು ಹತ್ರ ಬರೋದು.”

ರಾಯರು ಒಂದು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತು, ನೆಲ ನೋಡುತ್ತ, ಬೆರಳು ಮಡಿಸಿ ಎಣಿಸುತ್ತ ಜಪ ಮಾಡತೊಡಗಿದರು. ಮೊದಲೆಲ್ಲ ಜಪ ಮನಸ್ಸಿನಲ್ಲಿ ನಡೆಯುತ್ತಿತ್ತು. ಆಮೇಲೆ ತುಟಿಗೆ ಬಂತು. ನಿರ್ಜನ ಬಯಲು, ಕೇಳುವವರು ಯಾರೂ ಇಲ್ಲವೆಂದು ಗಟ್ಟಿಯಾಗಿಯೇ ಹೇಳತೊಡಗಿದರು. ಕೇಳುವವರು ಇದ್ದರು. ಹತ್ತೊಂಬತ್ತನೆಯ ದಿನ, ಏಕಾದಶಿಯ ಬೆಳಗ್ಗೆ, ಉಪವಾಸದ ಹೊಟ್ಟೆಯಲ್ಲಿ ಕಣ್ಣುಮುಚ್ಚಿ ಕುಳಿತಿದ್ದಾಗ ಎಡಹೆಗಲ ಮೇಲೆ ಬಿಸಿಯುಸಿರು ಬಿತ್ತು. ಕಪಿಲೆ ಅವರ ಅಂಗಿಯನ್ನು ಮೂಸಿತು. ಎಣಿಕೆ ತಪ್ಪಿಹೋಯಿತು. ಮೂವತ್ತು ನಲವತ್ತು ವರ್ಷದಲ್ಲಿ ಜಪದ ಎಣಿಕೆ ತಪ್ಪಿದ್ದು ಅದೇ ಮೊದಲು; ಮತ್ತೆ ಒಂದರಿಂದ ಹಿಡಿದರು. ಆ ದಿನದಿಂದ ರಾಯರು ಕಪಿಲೆಯನ್ನು ‘ಅದು’ ಎನ್ನುವುದನ್ನು ಬಿಟ್ಟರು.

ಜುಲೈ ಕಳೆಯುವಷ್ಟರಲ್ಲಿ ಅವಳ ಹೆಗಲನ್ನು ಮುಟ್ಟಿದರು. ಆಗಸ್ಟಿನಲ್ಲಿ ಜೂಲಿನಲ್ಲಿ ಸಿಕ್ಕಿದ್ದ ಮುಳ್ಳು ಬಿಡಿಸಿದರು. ಸೆಪ್ಟೆಂಬರಿನಲ್ಲಿ ಹಾಲ್ಟರ್, ಅಂದರೆ ಮೂತಿಗೆ ತೊಡಿಸುವ ಪಟ್ಟಿ, ಮೆಲ್ಲಗೆ ಏರಿಸಿ, ಹಗ್ಗ ಹಿಡಿದು ದೊಡ್ಡಿಯ ಸುತ್ತ ನಡೆಸಿದರು. ಹಳೆಯ ಟ್ರೇಲರೊಂದು ದೊಡ್ಡಿಯ ಮಗ್ಗುಲಲ್ಲೇ ಇತ್ತು. ಅದನ್ನೂ ಹತ್ತಿಸಿ ಇಳಿಸಿದರು. ಅವರು ಯಾವಾಗಲೂ ಅವಳ ಬಲಮಗ್ಗುಲಿಗೆ ನಿಲ್ಲುತ್ತಿದ್ದರು. ಹಾಗೆ ನಿಂತು ನಡೆದರೆ ಅವಳು ತಮ್ಮ ಎಡಕ್ಕೆ ಬರುತ್ತಿದ್ದಳು. ಅದೇ ಸರಿ ಅನ್ನಿಸುತ್ತಿತ್ತು. ಏಕೆ ಸರಿ ಎಂದು ಕೇಳಿಕೊಂಡವರಲ್ಲ.

“ಹೆಗಲು ಮುಟ್ಟಿದ್ರಾ?” ಎಂದು ಮುನೀರರು ಕೇಳುವರು. “ಮುಟ್ಟಿದೆ.” “ಹಾಲ್ಟರು?” “ಹಾಕಿಸಿಕೊಂಡಳು.” “ಟ್ರೇಲರು?” “ಹತ್ತಿದಳು ಸಾಹೇಬರೇ!” “ಶಹಬ್ಬಾಸ್! ನಮ್ಮಪ್ಪ ಇದ್ದಿದ್ರೆ ನಿಮ್ಮನ್ನ ಕುಣಿಗಲ್ಲಿಗೆ ಕರ್ಕೊಂಡು ಹೋಗ್ತಿದ್ರು.” ಯಾವ ಮಗ್ಗುಲಿಂದ ಎಂದು ಅವರು ಕೇಳಲಿಲ್ಲ. ಕುದುರೆಯವರಿಗೆ ಅದು ಕೇಳುವ ವಿಷಯವೇ ಅಲ್ಲ. ರಾಯರೂ ಹೇಳಲಿಲ್ಲ.

ಅಕ್ಟೋಬರ್ ಹತ್ತನೆಯ ತಾರೀಖು, ಶನಿವಾರ, ಮಂಜರಿ ಶಿಕಾಗೋದಿಂದ ಟ್ರೇಲರ್ ಎಳೆದುಕೊಂಡು ಬಂದಳು. ನಲವತ್ತೈದರ ಹೆಂಗಸು, ಮೊಣಕಾಲವರೆಗೆ ಬೂಟು, ಹಣೆಯಲ್ಲಿ ಸಣ್ಣ ಬೊಟ್ಟು. ನೌಶೀನ್ ತಂದೆಯನ್ನು ಕರೆತಂದು ಬಿಟ್ಟು ಹೋದಳು. ಮುನೀರರು ವಾಕರ್ ಹಿಡಿದು ಕಾರಿನಿಂದ ಇಳಿಯುವಾಗ ರಾಯರು ಓಡಿಹೋಗಿ ಅವರ ಎಡಗಡೆಯಿಂದ ತೋಳು ಹಿಡಿದರು.

“ಈ ಕಡೆ ಹಿಡಿದ್ರೆ ಏನು ಬಂತು ರಾಯರೇ? ಮುರಿದಿರೋದು ಆ ಕಡೆ. ಬಿಡಿ, ನನ್ನ ಕಬ್ಬಿಣದ ಕುದುರೆ ಇದೆ,” ಎಂದು ಮುನೀರರು ವಾಕರನ್ನೇ ಊರಿಕೊಂಡು ಬಂದು ಬೇಲಿಗೆ ಒರಗಿದರು.

ರಾಯರು ಹಾಲ್ಟರ್ ಹಾಕಿದ ಕಪಿಲೆಯನ್ನು ದೊಡ್ಡಿಯ ನಡುವಿಗೆ ತಂದು ನಿಲ್ಲಿಸಿದರು. ಮಂಜರಿ ಮೆಚ್ಚಿಗೆಯಿಂದ ನೋಡಿದಳು. “ಅಂಕಲ್, ಅನ್‌ಬಿಲೀವಬಲ್! ಪದ್ಮ ಆಂಟಿ ಇದನ್ನ ನೋಡ್ಬೇಕಿತ್ತು. ಎಲ್ಲಿ, ನಾನು ಒಂದ್ಸಲ ಹಿಡ್ಕೋತೀನಿ,” ಎಂದು ಹಗ್ಗದ ತುದಿಯನ್ನು ರಾಯರಿಂದ ತೆಗೆದುಕೊಂಡು, ಎಲ್ಲರೂ ನಿಲ್ಲುವಂತೆ ಕುದುರೆಯ ಎಡಮಗ್ಗುಲಿಗೆ ಹೋಗಿ ನಿಂತಳು.

ಆಮೇಲೆ ಆದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಕಪಿಲೆ ಎಡಗಣ್ಣಿನ ಬಿಳಿ ತೋರಿಸುತ್ತ ಹಿಂಗಾಲ ಮೇಲೆ ಎದ್ದಳು. ಹಗ್ಗ ಮಂಜರಿಯ ಅಂಗೈ ಸುಲಿದುಕೊಂಡು ಹೋಯಿತು. ಬೇಲಿಯ ಹಲಗೆಯೊಂದು ಗೊರಸಿನ ಏಟಿಗೆ ಸೀಳಿತು. ಕುದುರೆ ಕೊನೆಯ ಮೂಲೆ ಸೇರಿ, ಮೈಯೆಲ್ಲ ನಡುಗುತ್ತ, ಜೂನಿನಲ್ಲಿ ನಿಂತಂತೆಯೇ ನಿಂತಿತು.

ಮಂಜರಿ ಕೈಯನ್ನು ಎದೆಗೆ ಒತ್ತಿಕೊಂಡು ಹೊರಗೆ ಬಂದಳು.

“ರಾಯರೇ,” ಎಂದರು ಮುನೀರರು ನಿಧಾನವಾಗಿ, “ಇಷ್ಟು ದಿನ ನೀವು ಯಾವ ಕಡೆಯಿಂದ ಹತ್ರ ಹೋಗ್ತಿದ್ರಿ?”

“ಬಲಗಡೆಯಿಂದ.”

“ಯಾವಾಗಲೂ?”

“ಯಾವಾಗಲೂ.”

“ಯಾ ಅಲ್ಲಾ!” ಮುನೀರರು ಹಣೆಗೆ ಕೈ ಹಚ್ಚಿಕೊಂಡರು. “ತಪ್ಪು ನಂದು. ಕುದುರೆ ಹತ್ರ ಎಡಗಡೆಯಿಂದ ಹೋಗ್ಬೇಕು ಅಂತ ಹೇಳ್ಕೊಡ್ಬೇಕು ಅಂತಾನೇ ನನಗೆ ಹೊಳೀಲಿಲ್ಲ. ಉಸಿರಾಡಿ ಅಂತ ಯಾರಾದ್ರೂ ಹೇಳ್ಕೊಡ್ತಾರಾ? ರಾಯರೇ, ಒಂದು ಕಣ್ಣಿಗೆ ಕಲಿಸಿದ್ದು ಕುದುರೆಗೆ ಇನ್ನೊಂದು ಕಣ್ಣಿಗೆ ಬರಲ್ಲ. ಅವಳ ಬಲಗಣ್ಣಿಗೆ ನೀವು ನೆಂಟರು. ಎಡಗಣ್ಣಿಗೆ ಇನ್ನೂ ಯಾರೂ ಅಲ್ಲ. ಅದೂ ಅಲ್ಲದೆ ಆ ಕಡೆ ಕತ್ತು ನೋಡಿದೀರಾ?”

ರಾಯರು ನೋಡಿದ್ದರು, ದೂರದಿಂದ. ಎಡಗಡೆ ಕತ್ತಿನ ಮೇಲೆ, ಜೂಲಿನ ಕೆಳಗೆ, ಬಿಳಿಗೂದಲಿನ ಗೆರೆಗಳ ಸಾಲು. ಬಯಲಿನಲ್ಲಿ ಹಿಡಿದಾಗ ಮಂಜುಗಡ್ಡೆಗಿಂತ ತಣ್ಣಗಿನ ಕಬ್ಬಿಣವನ್ನು ಒತ್ತಿ ಸರ್ಕಾರದವರು ಹಾಕಿದ ಗುರುತು. ಮನುಷ್ಯ ಅವಳನ್ನು ಮೊದಲು ಮುಟ್ಟಿದ್ದು ಅಲ್ಲಿ.

ಮಂಜರಿ ಅಂಗೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. “ಸಾರಿ ಅಂಕಲ್. ನಮ್ಮ ಮಕ್ಕಳು ವೀಲ್‌ಚೇರಿಂದ ಇಳಿದು ಎಡಗಡೆಯಿಂದಾನೇ ಬರ್ತಾರೆ. ಒಂದು ಮಗುಗೆ ಏನಾದ್ರೂ ಆದ್ರೆ? ನಾನು ಇಪ್ಪತ್ನಾಲ್ಕಕ್ಕೆ ಇನ್ನೊಂದ್ಸಲ ಡ್ರೈವ್ ಮಾಡ್ಕೊಂಡು ಬರ್ತೀನಿ. ಅದೇ ಲಾಸ್ಟ್. ಆಗ್ಲೂ ಹಿಂಗೇ ಆದ್ರೆ ನನ್ನ ಕೈಲಾಗಲ್ಲ.”

ಅವಳು ಖಾಲಿ ಟ್ರೇಲರ್ ಎಳೆದುಕೊಂಡು ಹೋದಳು. ಬ್ರೇಕಿನ ಇಂಜಿನಿಯರು ಬಕೆಟ್ಟಿನ ಮೇಲೆ ಕುಳಿತು ಹೇಳಿದರು: “ಒಂದೇ ಗಾಲಿಗೆ ಹಿಡಿಯೋ ಬ್ರೇಕು ಹಾಕಿದರೆ ಗಾಡಿ ತಿರುಗಿ ಬೀಳತ್ತೆ. ಮೂವತ್ತು ವರ್ಷ ಎಲ್ಲರಿಗೂ ಅದನ್ನೇ ಹೇಳಿದೆ ಸಾಹೇಬರೇ.”

ಮರುದಿನದಿಂದ ಎಡಮಗ್ಗುಲಿನ ಪಾಠ. ಮುನೀರರನ್ನು ನೌಶೀನ್ ದಿನವೂ ಬೆಳಗ್ಗೆ ತಂದು ಬಿಡುತ್ತಿದ್ದಳು. ಕಂಬಳಿ ಹೊದ್ದು ಬೇಲಿಯಾಚೆ ಕುರ್ಚಿ ಹಾಕಿಕೊಂಡು ಅವರು ನೋಡುವರು. ರಾಯರು ಎಡಕ್ಕೆ ಹೋಗುವರು. ಕಪಿಲೆ ಸರಕ್ಕನೆ ತಿರುಗಿ ಬಲಮಗ್ಗುಲನ್ನು ಒಡ್ಡುವಳು. ಮತ್ತೆ ಹೋಗುವರು, ಮತ್ತೆ ತಿರುಗುವಳು. ಹೀಗೆ ಒಂಬತ್ತು ದಿನ ಹೋಯಿತು. ದೀಪಾವಳಿ ಬಂದು ಹೋಯಿತು. ರಾಯರಿಗೆ ಈ ವರ್ಷ ಹಬ್ಬವಿಲ್ಲ. ಅಂಗಳದ ಮೇಪಲ್ ಮರ ಎಲೆ ಉದುರಿಸಿ ಬರಿದಾಯಿತು.

ಒಂಬತ್ತನೆಯ ದಿನ, ಸೋಮವಾರ, ಮುನೀರರು ಕರೆದರು. “ರಾಯರೇ, ಇಲ್ಲಿ ಬನ್ನಿ. ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬೇಡಿ. ಮೊದಲು ತಿರುಗೋದು ಅವಳಲ್ಲ.”

“ಮತ್ತೆ?”

“ನೀವು. ಅವಳ ಎಡಕ್ಕೆ ಹೋಗಿ ಅವಳು ನಿಮ್ಮ ಬಲಕ್ಕೆ ಬಂದ ಕೂಡಲೇ ನಿಮ್ಮ ಎಡಹೆಗಲು ಹಿಂಗೆ ಕುಗ್ಗುತ್ತೆ. ಕಾಲು ಹಿಂದೆ ಬರುತ್ತೆ. ಅವಳು ಅದನ್ನ ನೋಡಿ ಹೆದರ್ತಾಳೆ. ನಿಮಗೆ ಆ ಕಡೆ ಏನು ಭಯ?”

ರಾಯರು ಬೇಲಿಯ ಹಲಗೆ ಹಿಡಿದು ನಿಂತರು. ಎಂಟು ತಿಂಗಳಿಂದ ಯಾರಿಗೂ ಹೇಳದೆ ಇದ್ದದ್ದು, ತಮಗೇ ಹೇಳಿಕೊಳ್ಳದೆ ಇದ್ದದ್ದು, ನಾಲಿಗೆಗೆ ಬಂತು.

“ನಮ್ಮಲ್ಲಿ ಹೆಂಡತಿಯ ಜಾಗ ಎಡಗಡೆ, ಸಾಹೇಬರೇ. ಮೂವತ್ತಾರು ವರ್ಷ ಅವಳು ಎಡಕ್ಕೇ ನಡೆದಳು. ಅಂಗಡಿಗೆ ಹೋದರೂ ಸರಿ, ದೇವಸ್ಥಾನಕ್ಕೆ ಹೋದರೂ ಸರಿ. ಈಗ ಆ ಕಡೆ...” ಅವರು ಎಡಗೈಯನ್ನು ಸ್ವಲ್ಪ ಎತ್ತಿ ಇಳಿಸಿದರು. “ಕಪಿಲೆ ಎಡಕ್ಕೆ ನಡೆದರೆ ಆ ಜಾಗ ಖಾಲಿ ಅನ್ನಿಸ್ತಿರಲಿಲ್ಲ. ಬಲಕ್ಕೆ ಬಂದರೆ ಅನ್ನಿಸುತ್ತೆ.”

ಮುನೀರರು ಕಂಬಳಿಯನ್ನು ಮೊಣಕಾಲ ಮೇಲೆ ಎಳೆದುಕೊಂಡರು. ಸಮಾಧಾನದ ಮಾತು ಹೇಳಲಿಲ್ಲ. “ಇನ್ನು ಐದು ದಿನ ಇದೆ,” ಎಂದರು ಅಷ್ಟೆ.

ಮಂಗಳವಾರ ಪದ್ಮಳ ಎಂಟನೆಯ ಮಾಸಿಕ. ಪುರೋಹಿತರು ಬೆಳಗ್ಗೆ ಬಂದು ಮಾಡಿಸಿ, ಊಟ ಮಾಡಿ ಹೋದರು. ರಾಯರು ಒಬ್ಬರೇ ಮಣೆ ಎತ್ತಿಡುತ್ತಿದ್ದರು. ಎರಡು ಮಣೆ ಅಕ್ಕಪಕ್ಕ ಇದ್ದುವು. ಹಳೆಯ ಅಭ್ಯಾಸದಿಂದ ಎರಡನ್ನು ಹಾಕಿದ್ದರು. ಖಾಲಿಯಿದ್ದ ಮಣೆಯನ್ನು ಕೈಗೆತ್ತಿಕೊಂಡಾಗ ಮೈತ್ರೇಯಿಯ ಮದುವೆ ನೆನಪಾಯಿತು. ಇದೇ ಮಣೆ, ಇದೇ ಪುರೋಹಿತರು. ಪದ್ಮ ಎಂದಿನಂತೆ ಬಂದು ಎಡಕ್ಕೆ ಕುಳಿತಳು. ಪುರೋಹಿತರು ಮಂತ್ರ ನಿಲ್ಲಿಸಿ, “ಅಮ್ಮಾ, ಈ ಕಡೆ ಬನ್ನಿ. ಧಾರೆ ಎರೆದು ಕೊಡೋವಾಗ ಹೆಂಡತಿ ಬಲಗಡೆ ಇರಬೇಕು,” ಎಂದರು. ಪದ್ಮ ರೇಷ್ಮೆ ಸೀರೆಯ ನಿರಿಗೆ ಎತ್ತಿಕೊಂಡು ಎದ್ದು ಬಲಕ್ಕೆ ಬಂದು ಕುಳಿತು, ರಾಯರ ಕಿವಿಗೆ ಬಾಗಿ, “ಅಭ್ಯಾಸ ಇದೆ ಬಿಡಿ. ಈ ದೇಶದ ಕಾರಲ್ಲಿ ದಿನಾ ನಿಮ್ಮ ಬಲಗಡೆ ತಾನೇ ಕೂರೋದು? ಅದಕ್ಕೇ ನೀವು ಹೈವೇ ಎಕ್ಸಿಟ್ ತಪ್ಪಿಸೋದು,” ಎಂದಿದ್ದಳು. ಧಾರೆಯ ಹೊತ್ತಿನಲ್ಲಿ ಹೆಣ್ಣಿನ ತಂದೆ ನಕ್ಕದ್ದು ಫೋಟೋದಲ್ಲಿ ಇಂದಿಗೂ ಇದೆ. ಆಮೇಲೆ ಬಲಗಡೆಯಿಂದ ಅವಳು ನೀರು ಬಿಟ್ಟಳು. ಮಗಳ ಕೈ ಅವರ ಕೈಯಿಂದ ಜಾರಿ ಆಚೆಯವರ ಕೈಗೆ ಹೋಯಿತು.

ರಾಯರು ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೇ ಇದ್ದರು. ಎಡಕ್ಕೆ ಇರುವುದು ಇಟ್ಟುಕೊಳ್ಳುವಾಗ. ಕೊಡುವಾಗ ಬಲಕ್ಕೆ. ಇದು ತಾವು ಕಟ್ಟಿದ ಮಾತಲ್ಲ. ಪದ್ಮ ತಾನೇ ಎದ್ದು ಬಂದು ಕುಳಿತು ತೋರಿಸಿದ್ದು.

ಬುಧವಾರ ಬೆಳಗ್ಗೆ ಅವರು ದೊಡ್ಡಿಗೆ ಹೋಗಿ ಕಪಿಲೆಯ ಎಡಕ್ಕೆ ನಡೆದರು. ಅವಳ ತಲೆ ಮೇಲೆ ಹೋಯಿತು. ಕಣ್ಣಿನ ಬಿಳಿ ಕಂಡಿತು. ರಾಯರ ಎಡಹೆಗಲಿಗೆ ಬಯಲಿನ ಗಾಳಿ ತಾಗಿತು. ಅಲ್ಲಿ ಯಾರೂ ಇರಲಿಲ್ಲ. ಅವರು ಕುಗ್ಗಲಿಲ್ಲ. ನೆಲ ನೋಡುತ್ತ ನಿಂತು, ಗಟ್ಟಿಯಾಗಿ ಜಪ ಹಿಡಿದರು. ಕಪಿಲೆಯ ಕಿವಿಯೊಂದು ಸದ್ದಿನ ಕಡೆಗೆ ತಿರುಗಿತು. ಬಲಗಣ್ಣಿನ ನೆಂಟನ ದನಿ ಎಡಗಡೆಯಿಂದ ಬರುತ್ತಿದೆ! ಅವಳ ತಲೆ ಒಂದು ಗೇಣು ಇಳಿಯಿತು. ರಾಯರು ಒಂದು ಹೆಜ್ಜೆ ಹಿಂದೆ ಸರಿದರು. ಬೇಲಿಯಾಚೆ ಮುನೀರರು ಉಸಿರು ಬಿಟ್ಟದ್ದು ಕೇಳಿಸಿತು.

ಗುರುವಾರ ಮಧ್ಯಾಹ್ನ ಅವರ ಅಂಗೈ ಅವಳ ಕತ್ತಿನ ಬಿಳಿಯ ಗುರುತಿನ ಮೇಲೆ ಇತ್ತು. ಅಲ್ಲಿನ ಕೂದಲು ಬೇರೆ ಕಡೆಯದಕ್ಕಿಂತ ಒರಟು. ಒಳಗೆ ರಕ್ತನಾಳ ಹೊಡೆದುಕೊಳ್ಳುವುದು ಕೈಗೆ ತಿಳಿಯುತ್ತಿತ್ತು. ಕೈ ತೆಗೆಯದೆ ರಾಯರು ಮೆಲ್ಲಗೆ ಹೇಳಿದರು: “ಪದ್ಮ ಹೋಗಿಬಿಟ್ಟಳು ಕಣೇ. ನಿನಗೆ ಯಾರೂ ಹೇಳಲಿಲ್ಲ. ಶನಿವಾರ ಬಂದರೂ ಅವಳು ಇನ್ನು ಬರೋದಿಲ್ಲ. ನಾನೂ ಕಾಯ್ತಾ ಇದ್ದೆ.”

ಆ ಮಾತನ್ನು ಅವರು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಹಣೆಯನ್ನು ಆ ಗುರುತಿಗೆ ಆನಿಸಿ, ಅರವತ್ತನಾಲ್ಕು ವರ್ಷದ ಮನುಷ್ಯ ಮಕ್ಕಳಂತೆ ಅತ್ತರು. ಕಪಿಲೆ ಒಂದು ಸಲ ನಡುಗಿದಳು. ಓಡಲಿಲ್ಲ. ಬೇಲಿಯಾಚೆ ಮುನೀರರು ಕುರ್ಚಿಯನ್ನು ಆ ಕಡೆಗೆ ತಿರುಗಿಸಿಕೊಂಡು ರಸ್ತೆಯನ್ನು ನೋಡುತ್ತ ಕುಳಿತರು.

ಶನಿವಾರ ಇಪ್ಪತ್ತನಾಲ್ಕು. ಹುಲ್ಲಿನ ಮೇಲೆ ಇಬ್ಬನಿ ಬಿಳಿಯಾಗಿ ಕಟ್ಟಿತ್ತು. ಮಂಜರಿ ಟ್ರೇಲರಿನ ಹಿಂಬಾಗಿಲು ತೆರೆದು ದೂರ ನಿಂತಳು. ರಾಯರು ಎಡಮಗ್ಗುಲಿನಿಂದ ಹಾಲ್ಟರ್ ತೊಡಿಸಿ, ಹಗ್ಗ ಹಿಡಿದು, ಕಪಿಲೆಯನ್ನು ತಮ್ಮ ಬಲಕ್ಕಿಟ್ಟುಕೊಂಡು ದೊಡ್ಡಿಯಿಂದ ಹೊರಗೆ ನಡೆಸಿ ತಂದರು.

ಟ್ರೇಲರಿನ ಮುಂದೆ ನಿಂತು, “ಮಂಜರಿ, ಬಾಮ್ಮ. ಇಲ್ಲಿ, ಎಡಗಡೆಗೆ,” ಎಂದು ಕರೆದರು.

ಮಂಜರಿ ಬಂದಳು. ಕಪಿಲೆಯ ಕಣ್ಣು ದೊಡ್ಡದಾಯಿತು. ರಾಯರು ಅಂಗೈಯನ್ನು ಬಿಳಿಗುರುತಿನ ಮೇಲಿಟ್ಟರು. ಮಂಜರಿ ಒಂದು ಹೆಜ್ಜೆ ಬಂದು, ಒಂದು ಹೆಜ್ಜೆ ಹಿಂದೆ ಹೋದಳು. ಮತ್ತೆ ಬಂದಳು. ಕುದುರೆ ಮೂತಿ ಚಾಚಿ ಅವಳ ಅಂಗೈಯನ್ನು, ಹಗ್ಗ ಸುಲಿದ ಗಾಯ ಮಾಯುತ್ತಿದ್ದ ಅಂಗೈಯನ್ನು, ಮೂಸಿತು. ಹಾಗೇ ನಿಂತಿತು.

“ಸಾಹೇಬರೇ, ಆ ನೀರಿನ ಬಾಟಲಿ ಕೊಡಿ,” ಎಂದರು ರಾಯರು.

“ಯಾಕೆ, ಬಾಯಾರಿಕೆನಾ?”

“ಕೊಡೋದಾದರೆ ನೀರು ಬಿಟ್ಟು ಕೊಡಬೇಕು. ಬರಿಗೈಯಲ್ಲಿ ಹಾಗೇ ಕೊಡಬಾರದು.”

ಮಂಜರಿಗೆ ಅರ್ಥವಾಯಿತು. ಅವಳು ಬಲ ಅಂಗೈಯನ್ನು ಗುಳಿ ಮಾಡಿ ಚಾಚಿದಳು. ರಾಯರು ಹಗ್ಗದ ತುದಿಯನ್ನು ಆ ಕೈಯಲ್ಲಿಟ್ಟು, ಮೇಲೆ ನೀರು ಬಿಟ್ಟರು. ಬಾಯಲ್ಲಿ ಸಣ್ಣಗೆ ದೇವರ ಹೆಸರು. ಪಕ್ಕದಲ್ಲಿ, ಬಲಕ್ಕೆ, ಕಪಿಲೆ ಬೆಚ್ಚಗೆ ಉಸಿರಾಡುತ್ತಿದ್ದಳು. ಮಂಜರಿಯ ಕಣ್ಣು ತುಂಬಿತು.

“ಎಲ್ಲಾ ಸರಿ,” ಎಂದರು ಮುನೀರರು, “ಮದುವೆ ಊಟ ಎಲ್ಲಿ ರಾಯರೇ?”

“ಹೆಣ್ಣಿನ ಕಡೆಯವರು ನೀವೂ ಅಲ್ಲವೇ? ನೀವೇ ಹಾಕಿಸಬೇಕು.”

ಮಂಜರಿ ಹಗ್ಗ ಹಿಡಿದು ಮುಂದೆ ನಡೆದಳು. ಟ್ರೇಲರಿನ ಮರದ ಹಲಗೆಯ ಮೇಲೆ ಮೊದಲ ಗೊರಸು ಇಟ್ಟಾಗ ಟೊಳ್ಳು ಸದ್ದಾಯಿತು. ಕಪಿಲೆ ನಿಂತಳು. ತಲೆ ತಿರುಗಿಸಿ ಎಡಗಣ್ಣಿನಿಂದ ರಾಯರನ್ನು ನೋಡಿದಳು. ರಾಯರು ಒಂದು ಹೆಜ್ಜೆ ಹಿಂದೆ ಸರಿದರು.

ಅವಳು ಒಳಗೆ ಹೋದಳು.

“ಹೋಗಿ ಬಾ,” ಎಂದರು ರಾಯರು. ಬಾಗಿಲು ಮುಚ್ಚಿತು. ಟ್ರೇಲರು ಮಣ್ಣುದಾರಿ ದಾಟಿ, ಹೆದ್ದಾರಿಯ ಕಡೆಗೆ ತಿರುಗಿ, ಕಾಣದಾಯಿತು. ಒಳಗಿನಿಂದ ಒಂದು ಕೆನೆತ ಕೇಳಿಸಿತು. ಆಮೇಲೆ ಅದೂ ಇಲ್ಲ.

ರಾಯರು ದೊಡ್ಡಿಗೆ ಹೋಗಿ ಬಕೆಟ್ಟನ್ನು ಎತ್ತಿ ಕೊಡವಿ ತಂದರು. ಮುನೀರರು ಕುರ್ಚಿಯಿಂದ ಏಳಲು ಹೆಣಗುತ್ತಿದ್ದರು. ವಾಕರು ಲಾಯದ ಬಾಗಿಲಲ್ಲೇ ಉಳಿದಿತ್ತು. ಅಷ್ಟು ದೂರ ಅವರನ್ನು ನಡೆಸಬೇಕು; ಮುರಿದದ್ದು ಬಲಸೊಂಟ, ಆಸರೆ ಆ ಮಗ್ಗುಲಿಗೇ ಬೇಕು.

ರಾಯರು ಬಕೆಟ್ಟನ್ನು ಬಲಗೈಗೆ ಬದಲಾಯಿಸಿಕೊಂಡು, ಮುನೀರರ ಬಲಗಡೆಗೆ ಹೋಗಿ ನಿಂತು, ತಮ್ಮ ಎಡಹೆಗಲನ್ನು ಬಗ್ಗಿಸಿ ಒಡ್ಡಿದರು.

ಮುನೀರರು ಒಂದು ಕ್ಷಣ ಅನುಮಾನಿಸಿದರು. “ಈ ಕಡೆ ಹಿಡ್ಕೊಳ್ಳಲಾ?”

“ಹಿಡ್ಕೊಳ್ಳಿ ಸಾಹೇಬರೇ,” ಎಂದರು ರಾಯರು. “ಭಾರ ಬಿಟ್ಟು ಹಿಡ್ಕೊಳ್ಳಿ.”